ನೀಲಿ ಕೋಟಿನ ಮೊಲ ಮತ್ತು ಬಿಯಾಟ್ರಿಕ್ಸ್ ಪಾಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಗ್ಗೆ ನಮ್ಮ ಮನೆ ಜಗಲಿಯಲ್ಲಿ ಸುತ್ತಮುತ್ತಲಿನ ಹತ್ತು ಹನ್ನೆರಡು ಮಕ್ಕಳಿಗೆ ಕಥೆ ಓದಿ ಹೇಳುತ್ತೇನೆ. ಪೀಟರ್ ಮೊಲದ ಕಥೆ ಓದಿದ ವಾರವೆಲ್ಲ ಪ್ರಶ್ನೆಗಳ ಸುರಿಮಳೆ. ಮಕ್ಕಳು ಕೇಳುವುದು ಒಂದು ಬಗೆ, ಅವರನ್ನು ಕರೆದೊಯ್ಯಲು ಬಂದ ಅಪ್ಪ ಅಮ್ಮಂದಿರು ಕೇಳುವುದು ಇನ್ನೊಂದು ಬಗೆ. ಪ್ರತಿಸಲ ಹೇಳಿದ್ದನ್ನೇ ಹೇಳುವ ಬದಲು ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ. ಈ ಲೇಖಕಿಯ ಮೇಲೆ ನನಗೆ ಪ್ರೀತಿ ಜಾಸ್ತಿ. ಹಾಗಾಗಿ ಕೆಲವು ಉತ್ತರಗಳು ಉದ್ದವಾಗಿವೆ.

ಬಿಯಾಟ್ರಿಕ್ಸ್ ಪಾಟರ್ ಯಾರು?

ಇಂಗ್ಲೆಂಡಿನ ಲೇಖಕಿ, ಚಿತ್ರಕಾರ್ತಿ, ಕೊನೆಗೆ ಕುರಿ ಸಾಕಿದ ರೈತ ಮಹಿಳೆ. ಹುಟ್ಟಿದ್ದು 1866ರ ಜುಲೈ 28ರಂದು, ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿ. ತೀರಿಕೊಂಡದ್ದು 1943ರ ಡಿಸೆಂಬರ್ 22ರಂದು, ಇಂಗ್ಲೆಂಡಿನ ವಾಯವ್ಯಕ್ಕಿರುವ ಸರೋವರ, ಗುಡ್ಡಗಳ ಸೀಮೆ ಲೇಕ್ ಡಿಸ್ಟ್ರಿಕ್ಟ್‌ನ ನಿಯರ್ ಸಾರಿ ಎಂಬ ಪುಟ್ಟ ಹಳ್ಳಿಯಲ್ಲಿ. ಪೀಟರ್ ಮೊಲದಿಂದ ಶುರುವಾದ ಅವರ ಅಂಗೈಯಗಲದ ಪುಸ್ತಕಗಳು ಒಟ್ಟು 23. ಕಥೆಯೂ ಅವರದೇ, ಚಿತ್ರವೂ ಅವರದೇ.

ಹ್ಯಾರಿ ಪಾಟರ್‌ಗೂ ಇವರಿಗೂ ಏನಾದರೂ ಸಂಬಂಧ ಇದೆಯೇ?

ಇಲ್ಲ. ಹೆಸರೊಂದೇ. ಹ್ಯಾರಿ ಪಾಟರ್ ಜೆ. ಕೆ. ರೌಲಿಂಗ್ ಸೃಷ್ಟಿಸಿದ ಪಾತ್ರ. ಅವನ ಮೊದಲ ಪುಸ್ತಕ ಬಂದದ್ದು 1997ರಲ್ಲಿ. ಅಷ್ಟು ಹೊತ್ತಿಗೆ ಬಿಯಾಟ್ರಿಕ್ಸ್ ತೀರಿಕೊಂಡು ಐವತ್ತು ವರ್ಷ ದಾಟಿತ್ತು.

ಅವರು ಯಾವ ಶಾಲೆಯಲ್ಲಿ ಓದಿದರು?

ಯಾವ ಶಾಲೆಗೂ ಹೋಗಲಿಲ್ಲ. ಅಪ್ಪ ರೂಪರ್ಟ್ ಪಾಟರ್ ವಕೀಲಿಕೆ ಓದಿದವರಾದರೂ ಅವರಿಗೆ ಫೋಟೊಗ್ರಫಿಯ ಹುಚ್ಚು ಹೆಚ್ಚು. ಮನೆಯ ಐಶ್ವರ್ಯ ಬಂದದ್ದು ಲ್ಯಾಂಕಾಶೈರ್ ಕಡೆಯ ಹತ್ತಿ ವ್ಯವಹಾರದಿಂದ. ಅಜ್ಜ ಎಡ್ಮಂಡ್ ಪಾಟರ್ ಅವರದು ಗ್ಲಾಸಪ್ ಹತ್ತಿರ ಕ್ಯಾಲಿಕೊ ಬಟ್ಟೆಗೆ ಅಚ್ಚು ಹಾಕುವ ದೊಡ್ಡ ಕಾರ್ಖಾನೆ. ಕ್ಯಾಲಿಕೊ ಎನ್ನುವ ಹೆಸರೇ ನಮ್ಮ ಪಕ್ಕದ ಕಲ್ಲಿಕೋಟೆಯಿಂದ ಹೋದದ್ದು. ಮಂಗಳೂರಿನಿಂದ ಒಂದು ಹಗಲಿನ ರೈಲು ಪ್ರಯಾಣದ ಊರಿನ ಹೆಸರು ಆ ಮನೆಯ ಅನ್ನದಲ್ಲಿ ಬೆರೆತಿತ್ತು ಎಂದು ಓದಿದಾಗ ನನಗೆ ರೋಮಾಂಚನವಾಗಿತ್ತು.

ಹೆಣ್ಣುಮಗುವಿಗೆ ಮನೆಗೇ ಗವರ್ನೆಸ್ ಬಂದು ಪಾಠ ಹೇಳುತ್ತಿದ್ದರು. ಓರಗೆಯ ಗೆಳತಿಯರು ಇಲ್ಲವೆಂದರೂ ಸರಿ. ಇದ್ದವನು ಆರು ವರ್ಷ ಚಿಕ್ಕವನಾದ ತಮ್ಮ ಬರ್ಟ್ರಾಮ್. ಅಕ್ಕ ತಮ್ಮ ಸೇರಿ ಮಹಡಿ ಮೇಲಿನ ಕೋಣೆಯನ್ನು ಸಣ್ಣ ಮೃಗಾಲಯ ಮಾಡಿಕೊಂಡಿದ್ದರು. ಮೊಲ, ಇಲಿ, ಬಾವಲಿ, ಕಪ್ಪೆ, ಹಲ್ಲಿ, ಹೆಡ್ಜ್‌ಹಾಗ್ ಎಲ್ಲ ಅಲ್ಲಿದ್ದವು. (ಹೆಡ್ಜ್‌ಹಾಗ್ ಎಂದರೆ ನಮ್ಮ ಕಾಡಿನ ಮುಳ್ಳುಹಂದಿಯಲ್ಲ, ಎರಡು ಕೈಯಲ್ಲಿ ಹಿಡಿಯಬಹುದಾದ ಪುಟ್ಟ ಪ್ರಾಣಿ.) ಬದುಕಿರುವಾಗ ಅವುಗಳ ಚಿತ್ರ ಬರೆಯುವುದು, ಸತ್ತ ಪ್ರಾಣಿ ಸಿಕ್ಕರೆ ಬೇಯಿಸಿ ಎಲುಬು ಬಿಡಿಸಿ ಜೋಡಿಸಿ ನೋಡುವುದು. ಕೇಳಿದರೆ ಮೈ ಜುಮ್ಮೆನ್ನಬಹುದು. ಆದರೆ ಮುಂದೆ ಆ ಮೊಲದ ಕೋಟಿನ ಒಳಗೆ ನಿಜವಾದ ಮೊಲದ ಬೆನ್ನು ಕಾಣುವುದು ಈ ಅಭ್ಯಾಸದಿಂದಲೇ.

ಗುಪ್ತಲಿಪಿಯಲ್ಲಿ ಡೈರಿ ಬರೆದಿದ್ದರಂತೆ, ಹೌದೇ?

ಹೌದು. ಹದಿನೈದರ ಆಸುಪಾಸಿನಿಂದ ಮೂವತ್ತರವರೆಗೆ, ತಾವೇ ಕಟ್ಟಿಕೊಂಡ ಅಕ್ಷರಗಳಲ್ಲಿ, ಇರುವೆ ಸಾಲಿನಂಥ ಬರವಣಿಗೆಯಲ್ಲಿ ಬರೆದರು. ಯಾರಿಗೂ ಅದರ ಕೀಲಿ ಹೇಳಿರಲಿಲ್ಲ. ಅವರು ಹೋದ ಮೇಲೆ ಲೆಸ್ಲಿ ಲಿಂಡರ್ ಎಂಬ ಅಭಿಮಾನಿ ವರ್ಷಗಟ್ಟಲೆ ಆ ಹಾಳೆಗಳ ಮುಂದೆ ಕೂತರು. 1958ರಲ್ಲಿ ಒಂದು ಹಾಳೆಯಲ್ಲಿ ರೋಮನ್ ಅಂಕಿಯ ಹದಿನಾರು ಮತ್ತು 1793 ಎಂಬ ಇಸವಿ ಕಣ್ಣಿಗೆ ಬಿತ್ತು. ಆ ವರ್ಷ ಗಿಲೊಟಿನ್‌ಗೆ ತಲೆಕೊಟ್ಟ ಫ್ರಾನ್ಸಿನ ದೊರೆ ಹದಿನಾರನೇ ಲೂಯಿ ನೆನಪಾದ. ಅಲ್ಲಿಂದ ಒಂದೊಂದೇ ಅಕ್ಷರ ಬಿಚ್ಚಿಕೊಂಡಿತು. ಅವರ ಜನ್ಮಶತಾಬ್ದಿಯ ವರ್ಷ, 1966ರಲ್ಲಿ, ಡೈರಿ ಪುಸ್ತಕವಾಗಿ ಬಂತು.

ಅಷ್ಟೊಂದು ಗುಟ್ಟು ಮಾಡಿ ಏನು ಬರೆದಿದ್ದರು ಎಂದು ಎಲ್ಲರೂ ಕೇಳುತ್ತಾರೆ. ನೋಡಿದ ಚಿತ್ರಪ್ರದರ್ಶನ, ಕೇಳಿದ ರಾಜಕೀಯದ ಮಾತು, ಸಾಕಿದ ಪ್ರಾಣಿಗಳ ಸಂಗತಿ, ಇಂಥವೇ. ಬಿಚ್ಚಿ ಓದಿದರೆ ಬಚ್ಚಿಡುವಂಥದ್ದು ಏನೂ ಕಾಣುವುದಿಲ್ಲ. ಮನೆಯಲ್ಲಿ ತನ್ನದೇ ಆದ ಒಂದು ಮೂಲೆ ಬೇಕೆನಿಸಿದ ಹುಡುಗಿಗೆ ಆ ಲಿಪಿಯೇ ಕೋಣೆಯ ಬಾಗಿಲಾಗಿತ್ತು ಎಂದು ನಾನು ತಿಳಿದುಕೊಂಡಿದ್ದೇನೆ.

ಪೀಟರ್ ಮೊಲದ ಕಥೆ ಹುಟ್ಟಿದ್ದು ಹೇಗೆ?

ಒಂದು ಕಾಗದದಿಂದ. ಬಿಯಾಟ್ರಿಕ್ಸ್‌ಗೆ ಪಾಠ ಹೇಳಿದ ಕೊನೆಯ ಗವರ್ನೆಸ್ ಆ್ಯನಿ ಮದುವೆಯಾಗಿ ಆ್ಯನಿ ಮೂರ್ ಆದರು, ಮಕ್ಕಳಾದವು. ಹಿರಿಯ ಮಗ ನೋಯೆಲ್‌ಗೆ ಐದು ವರ್ಷ. ಹುಷಾರಿಲ್ಲದೆ ಹಾಸಿಗೆ ಹಿಡಿದಿದ್ದ. ಬಿಯಾಟ್ರಿಕ್ಸ್ ಆಗ ಸ್ಕಾಟ್ಲೆಂಡಿನ ಡಂಕೆಲ್ಡ್‌ನಲ್ಲಿದ್ದರು. 1893ರ ಸೆಪ್ಟೆಂಬರ್ 4ರಂದು ಅವನಿಗೆ ಕಾಗದ ಬರೆಯಲು ಕೂತರು. ಏನು ಬರೆಯಲಿ ಎಂದು ತಿಳಿಯುತ್ತಿಲ್ಲ, ಅದಕ್ಕೆ ನಾಲ್ಕು ಪುಟ್ಟ ಮೊಲಗಳ ಕಥೆ ಹೇಳುತ್ತೇನೆ ಎಂದು ಶುರುಮಾಡಿ, ಸಾಲುಗಳ ನಡುನಡುವೆ ಶಾಯಿಯಲ್ಲಿ ಚಿತ್ರ ಬಿಡಿಸುತ್ತಾ ಹೋದರು. ಮರುದಿನ ಅವನ ತಮ್ಮ ಎರಿಕ್‌ಗೂ ಒಂದು ಕಾಗದ. ಅದರಲ್ಲಿ ಮೀನು ಹಿಡಿಯಲು ಹೋದ ಕಪ್ಪೆಯ ಕಥೆ. ಅದೇ ಮುಂದೆ ಜೆರೆಮಿ ಫಿಷರ್ ಪುಸ್ತಕವಾಯಿತು. ಎರಡು ದಿನದಲ್ಲಿ ಎರಡು ಕಾಗದ!

ಕಥೆಯ ಪೀಟರ್‌ಗೆ ಮಾದರಿಯಾದ ಮೊಲವೂ ಇತ್ತು, ಪೀಟರ್ ಪೈಪರ್ ಎಂದು ಅದರ ಹೆಸರು. ಲಂಡನ್ನಿನ ಶೆಫರ್ಡ್ಸ್ ಬುಷ್‌ನಲ್ಲಿ ನಾಲ್ಕೂವರೆ ಶಿಲಿಂಗ್ ಕೊಟ್ಟು ತಂದದ್ದು. ಅಷ್ಟು ದುಡ್ಡು ಜಾಸ್ತಿಯಾಯಿತು ಎಂದು ಅವರೇ ಬರೆದಿಟ್ಟಿದ್ದಾರೆ.

ಏಳೆಂಟು ವರ್ಷದ ಮೇಲೆ, ಇದನ್ನು ಪುಸ್ತಕ ಮಾಡೋಣ ಎನಿಸಿದಾಗ ನೋಯೆಲ್‌ನನ್ನೇ ಕೇಳಿದರು. ಅವನು ಕಾಗದವನ್ನು ಜೋಪಾನ ಮಾಡಿಟ್ಟಿದ್ದ. ನಮ್ಮ ಮಕ್ಕಳಿಗೆ ಈ ಭಾಗ ಹೇಳಿದಾಗ ಒಬ್ಬಳು, "ಅವನು ಬಿಸಾಕಿದ್ದಿದ್ದರೆ?" ಎಂದು ಕೇಳಿದಳು. ಜಗಲಿಯಲ್ಲಿ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಪ್ರಕಾಶಕರು ಬೇಡ ಎಂದಿದ್ದರು ಎನ್ನುವುದು ನಿಜವೇ? ಪುಸ್ತಕ ಅಷ್ಟು ಚಿಕ್ಕದೇಕೆ?

ನಿಜ. ಕಡಿಮೆಯೆಂದರೂ ಆರು ಪ್ರಕಾಶಕರು ಹಿಂದಿರುಗಿಸಿದರು. ಅವರಿಗೆ ದೊಡ್ಡ ಆಕಾರದ ಪುಸ್ತಕ ಬೇಕಿತ್ತು. ಪುಟ್ಟ ಕೈಗೆ ಪುಟ್ಟ ಪುಸ್ತಕ, ಬೆಲೆಯೂ ಕೈಗೆಟುಕಬೇಕು ಎನ್ನುವುದು ಬಿಯಾಟ್ರಿಕ್ಸ್ ಹಟ. ಕೊನೆಗೆ ಸ್ವಂತ ಹಣದಿಂದ 1901ರ ಡಿಸೆಂಬರ್‌ನಲ್ಲಿ 250 ಪ್ರತಿ ಅಚ್ಚು ಹಾಕಿಸಿದರು. ಬೇಗ ಮುಗಿದವು, ಇನ್ನೂ 200 ಹಾಕಿಸಿದರು. ಷರ್ಲಾಕ್ ಹೋಮ್ಸ್ ಕಥೆಗಳ ಕಾನನ್ ಡಾಯ್ಲ್ ತಮ್ಮ ಮಕ್ಕಳಿಗಾಗಿ ತರಿಸಿಕೊಂಡ ಪ್ರತಿ ಇವುಗಳಲ್ಲೊಂದು.

ಮೊದಲು ಬೇಡ ಎಂದಿದ್ದ ಫ್ರೆಡರಿಕ್ ವಾರ್ನ್ ಕಂಪನಿಯೇ ಆಮೇಲೆ ಮುಂದೆ ಬಂತು, ಚಿತ್ರಗಳಿಗೆಲ್ಲ ಬಣ್ಣ ಇರಬೇಕೆಂಬ ಷರತ್ತಿನ ಮೇಲೆ. 1902ರ ಅಕ್ಟೋಬರ್‌ನಲ್ಲಿ ಬಂದ ಮೊದಲ ಮುದ್ರಣ 8,000 ಪ್ರತಿ. ವರ್ಷ ಮುಗಿಯುವಷ್ಟರಲ್ಲಿ 28,000 ಪ್ರತಿ ಅಚ್ಚಾಗಿದ್ದವು. ಮರುವರ್ಷ ಪೀಟರ್ ಗೊಂಬೆಯನ್ನು ತಾವೇ ಹೊಲಿದು ಪೇಟೆಂಟ್ ಕಚೇರಿಯಲ್ಲಿ ನೋಂದಾಯಿಸಿದರು. ಮಕ್ಕಳ ಪುಸ್ತಕದ ಪಾತ್ರವನ್ನು ಗೊಂಬೆ, ಆಟಿಕೆ ಮಾಡಿ ಮಾರುವ ದಾರಿಯನ್ನು ಅಷ್ಟು ಬೇಗ ಕಂಡುಕೊಂಡವರು ಕಡಿಮೆ. ವ್ಯವಹಾರದಲ್ಲಿ ಬಿಯಾಟ್ರಿಕ್ಸ್ ಬಲು ಚುರುಕು.

ಆ ಕಥೆಯಲ್ಲಿ ಮೊಲದ ಅಪ್ಪನನ್ನು ಬೇಯಿಸಿ ತಿಂದರು ಎಂದಿದೆಯಲ್ಲ! ಮಕ್ಕಳಿಗೆ ಓದಬಹುದೇ?

ಅತಿ ಹೆಚ್ಚು ಬಾರಿ ಬರುವ ಪ್ರಶ್ನೆ ಇದು. ಎರಡನೇ ಪುಟ ತಿರುಗಿಸುವಷ್ಟರಲ್ಲಿ ಅಮ್ಮ ಮೊಲ ಹೇಳುತ್ತದೆ: ಮೆಕ್‌ಗ್ರೆಗರ್ ತೋಟಕ್ಕೆ ಮಾತ್ರ ಹೋಗಬೇಡಿ, ನಿಮ್ಮ ಅಪ್ಪನಿಗೆ ಅಲ್ಲಿ ಅಪಘಾತವಾಯಿತು, ಮೆಕ್‌ಗ್ರೆಗರ್ ಹೆಂಡತಿ ಅವನನ್ನು ಪೈ (ಹಿಟ್ಟಿನ ಹೊದಿಕೆಯೊಳಗೆ ಮಾಂಸವಿಟ್ಟು ಬೇಯಿಸುವ ತಿನಿಸು) ಒಳಗೆ ಹಾಕಿದಳು. ಅಷ್ಟೇ, ಒಂದು ವಾಕ್ಯ. ಅಳು ಇಲ್ಲ, ವಿವರಣೆ ಇಲ್ಲ. ಮುಂದಿನ ಮಾತಿಗೆ ಅಮ್ಮ ಬುಟ್ಟಿ, ಕೊಡೆ ಹಿಡಿದು ಬ್ರೆಡ್ ತರಲು ಹೊರಡುತ್ತಾಳೆ.

ಧಾರಾಳವಾಗಿ ಓದಿ. ಆ ವಾಕ್ಯ ತೆಗೆದರೆ ಕಥೆಯೇ ಬಿದ್ದುಹೋಗುತ್ತದೆ. ಪೀಟರ್ ಗೇಟಿನ ಕೆಳಗೆ ನುಸುಳಿ ಒಳಗೆ ಹೋಗಿ ಲೆಟಿಸ್ ಸೊಪ್ಪು, ಹುರುಳಿಕಾಯಿ, ಮೂಲಂಗಿ ಮೇಯುವಾಗ ಮಗುವಿನ ಎದೆ ಡವಗುಟ್ಟುವುದು ಆ ಪೈ ನೆನಪಿರುವುದರಿಂದ. ಎಲೆಕೋಸಿನ ಮಡಿಯಲ್ಲಿ ಒಂದು ಷೂ, ಆಲೂಗಡ್ಡೆ ನಡುವೆ ಇನ್ನೊಂದು ಷೂ ಕಳಚಿ, ಹಣ್ಣಿನ ಗಿಡಕ್ಕೆ ಹಾಕಿದ ಬಲೆಗೆ ಕೋಟಿನ ಹಿತ್ತಾಳೆ ಗುಂಡಿ ಸಿಕ್ಕಿಕೊಂಡು ಪೀಟರ್ ಕುಸಿದು ಅಳುತ್ತಾನೆ. ಆಗ ಗುಬ್ಬಿಗಳು ಹಾರಿಬಂದು ಇನ್ನೊಂದು ಸಲ ಪ್ರಯತ್ನಿಸು ಎಂದು ಬೇಡಿಕೊಳ್ಳುತ್ತವೆ. ನಾನು ಓದುವಾಗ ಮಕ್ಕಳೂ ಗುಬ್ಬಿಗಳ ಜೊತೆ ಸೇರಿಕೊಂಡು "ಏಳೋ, ಏಳೋ" ಎನ್ನುತ್ತಾರೆ.

ಈ ಲೇಖಕಿ ಮಕ್ಕಳಿಂದ ಯಾವ ನಿಜವನ್ನೂ ಮರೆಮಾಚಲಿಲ್ಲ. ಜೆಮಿಮಾ ಬಾತುಕೋಳಿಯ ಕಥೆ ನೋಡಿ. ನರಿಯೊಬ್ಬ ದೊಡ್ಡ ಮನುಷ್ಯನಂತೆ ನಯವಾಗಿ ಮಾತಾಡಿ ಅವಳನ್ನು ಗೂಡಿಗೆ ಕರೆದು, ಆಮ್ಲೆಟ್ ಮಾಡೋಣ, ಸೇಜ್, ಥೈಮ್, ಈರುಳ್ಳಿ ಕಿತ್ತು ತಾ ಎನ್ನುತ್ತಾನೆ. ಅವು ಬಾತುಕೋಳಿಯ ಹೊಟ್ಟೆಗೆ ತುಂಬಿ ಹುರಿಯುವ ಸೊಪ್ಪುಗಳು. ಪಾಪ, ಅವಳಿಗೆ ಹೊಳೆಯುವುದಿಲ್ಲ. ಕೊನೆಗೆ ಕೆಪ್ ಎಂಬ ಕುರಿನಾಯಿ ಎರಡು ಬೇಟೆನಾಯಿ ಮರಿಗಳನ್ನು ಕರೆತಂದು ಜೀವ ಉಳಿಸುತ್ತದೆ. ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಉಳಿಸಲು ಬಂದ ಮರಿಗಳೇ ಅವಳ ಮೊಟ್ಟೆಗಳನ್ನು ತಿಂದುಬಿಡುತ್ತವೆ. ನಾಯಿಮರಿ ನಾಯಿಮರಿಯೇ ತಾನೆ.

ನಮ್ಮ ಪಂಚತಂತ್ರದಲ್ಲೂ ಪ್ರಾಣಿಗಳು ಮಾತಾಡುತ್ತವೆ. ಇದರಲ್ಲಿ ಹೊಸದೇನು?

ಪಂಚತಂತ್ರದ ನರಿ ಮಂತ್ರಿ, ಸಿಂಹ ರಾಜ. ಅವು ಮನುಷ್ಯರ ನೀತಿ, ರಾಜನೀತಿ ಹೇಳಲು ಪ್ರಾಣಿಯ ಹೆಸರು ಹೊತ್ತ ಪಾತ್ರಗಳು. ಬಿಯಾಟ್ರಿಕ್ಸ್ ಮೊಲ ಮೊದಲು ಮೊಲ, ಆಮೇಲೆ ಪೀಟರ್. ಕೋಟು ತೊಟ್ಟಾಗ ಎರಡು ಕಾಲಲ್ಲಿ ನಿಲ್ಲುತ್ತಾನೆ. ಷೂ ಕಳೆದ ಮೇಲೆ ನಾಲ್ಕೂ ಕಾಲಲ್ಲಿ ಓಡುತ್ತಾನೆ, ಕೋಟೂ ಬಲೆಯಲ್ಲಿ ಉಳಿದುಹೋದ ಕ್ಷಣ ಬರೀ ಮೊಲವಾಗಿಬಿಡುತ್ತಾನೆ. ಮುಂದಿನ ಪುಟಗಳಲ್ಲಿ ಅವನ ಕಿವಿ, ಬಾಲ, ಹಿಂಗಾಲು ನೋಡುತ್ತಾ ಹೋಗಿ, ತಿಳಿಯುತ್ತದೆ. ಅತ್ತ ಆ ನೀಲಿ ಕೋಟು ಬೆರ್ಚಪ್ಪನಾಗಿ ತೋಟದಲ್ಲಿ ನೇತಾಡುತ್ತದೆ. ನೀತಿ ಹೇಳುವ ಗೋಜಿಗೂ ಅವರು ಹೋಗುವುದಿಲ್ಲ. ಮಾತು ಕೇಳದ ಪೀಟರ್‌ಗೆ ಕ್ಯಾಮೊಮೈಲ್ ಹೂವಿನ ಕಷಾಯ, ಮಾತು ಕೇಳಿದ ತಂಗಿಯರಿಗೆ ಬ್ರೆಡ್, ಹಾಲು, ಹಣ್ಣು. ಆದರೂ ಯಾವ ಮಗುವೂ ತಂಗಿಯರ ಪಕ್ಷ ವಹಿಸಿದ್ದನ್ನು ನಾನು ಕಂಡಿಲ್ಲ.

ಅವರು ವಿಜ್ಞಾನಿಯೂ ಆಗಿದ್ದರಂತೆ?

ಆಗಬಹುದಿತ್ತು, ಬಾಗಿಲು ತೆರೆಯಲಿಲ್ಲ. ಇಪ್ಪತ್ತರ ಹರೆಯದಿಂದ ಅಣಬೆಗಳ ಬೆನ್ನು ಹತ್ತಿದರು. ಸ್ಕಾಟ್ಲೆಂಡಿನ ಚಾರ್ಲ್ಸ್ ಮೆಕಿಂತೋಷ್ ಎಂಬ ಅಂಚೆಯಣ್ಣ ಅವರ ಗುರು. ದಿನಾ ಮೈಲಿಗಟ್ಟಲೆ ನಡೆದು ಕಾಗದ ಹಂಚುತ್ತಾ ಕಾಡಿನ ಅಣಬೆಗಳನ್ನೆಲ್ಲ ಬಲ್ಲವರು. ಚಳಿಗಾಲದಲ್ಲಿ ಅವರು ಅಣಬೆಗಳನ್ನು ಟಪಾಲಿನಲ್ಲಿ ಕಳಿಸುತ್ತಿದ್ದರು, ಇವರು ಚಿತ್ರ ಬರೆದು ಒಂದು ಪ್ರತಿ ಅವರಿಗೆ ಕಳಿಸುತ್ತಿದ್ದರು. ಆಮೇಲೆ ಅಣಬೆಯ ಬೀಜಕಣ ಮೊಳೆಯುವುದನ್ನು ಮನೆಯಲ್ಲೇ ಬೆಳೆಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದರು. ರಸಾಯನ ವಿಜ್ಞಾನಿಯಾಗಿದ್ದ ಸೋದರಸಂಬಂಧದ ಮಾವ ಸರ್ ಹೆನ್ರಿ ರಾಸ್ಕೊ ಕ್ಯೂ ಸಸ್ಯೋದ್ಯಾನಕ್ಕೆ ಕರೆದೊಯ್ದರು, ಅಲ್ಲಿನ ನಿರ್ದೇಶಕರು ಆಸ್ಥೆ ತೋರಿಸಲಿಲ್ಲ. 1897ರ ಏಪ್ರಿಲ್ 1ರಂದು ಅವರ ಪ್ರಬಂಧ ಜೀವವಿಜ್ಞಾನಿಗಳ ಸಂಘವಾದ ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಬಂತು. ಹೆಂಗಸರಿಗೆ ಅಲ್ಲಿ ಪ್ರವೇಶವಿಲ್ಲದ ಕಾರಣ ಜಾರ್ಜ್ ಮಸೀ ಎಂಬ ಕ್ಯೂ ವಿಜ್ಞಾನಿ ಮಂಡಿಸಿದರು. ಪ್ರಬಂಧ ಅಚ್ಚಾಗಲಿಲ್ಲ, ಈಗ ಸಿಗುವುದೂ ಇಲ್ಲ. ನೂರು ವರ್ಷದ ಮೇಲೆ, 1997ರಲ್ಲಿ, ಅವರನ್ನು ನಡೆಸಿಕೊಂಡ ರೀತಿ ಸರಿಯಿರಲಿಲ್ಲ ಎಂದು ಸೊಸೈಟಿಯ ಕಡೆಯಿಂದಲೇ ಮಾತು ಬಂತು.

ಚಿತ್ರಗಳು ಉಳಿದಿವೆ. ಆ್ಯಂಬಲ್‌ಸೈಡ್ ಊರಿನ ಆರ್ಮಿಟ್ ಸಂಗ್ರಹಾಲಯದಲ್ಲಿ ಅವರ ನೂರಾರು ಅಣಬೆ ಚಿತ್ರಗಳಿವೆ. 1967ರಲ್ಲಿ ಬಂದ ಅಣಬೆ ಗುರುತಿಸುವ ಕೈಪಿಡಿಯೊಂದು ಅವರ 59 ಚಿತ್ರಗಳನ್ನು ಬಳಸಿಕೊಂಡಿತು. ಗೊತ್ತಿಲ್ಲದ ಅಣಬೆಯನ್ನು ಹೆಸರಿಡಿದು ಕರೆಯುವಷ್ಟು ಖಚಿತ ಚಿತ್ರ ಅವು. ನನಗೆ ಮೊಲದಷ್ಟೇ ಇಷ್ಟ.

ಮದುವೆಯಾಗಿದ್ದರೇ?

47ನೇ ವಯಸ್ಸಿನಲ್ಲಿ. ಅದಕ್ಕೆ ಮೊದಲು ಒಂದು ನೋವಿನ ಕಥೆ ಇದೆ. ಪ್ರಕಾಶಕರ ಮನೆಯ ಕಿರಿಮಗ ನಾರ್ಮನ್ ವಾರ್ನ್ ಇವರ ಪುಸ್ತಕಗಳನ್ನು ನೋಡಿಕೊಳ್ಳುತ್ತಿದ್ದರು. ಇಬ್ಬರ ನಡುವೆ ದಿನಕ್ಕೊಂದು ಎನ್ನುವಷ್ಟು ಕಾಗದ. ಎರಡು ತುಂಟ ಇಲಿಗಳ ಕಥೆಗೆ ಗೊಂಬೆಮನೆ ಬೇಕಾದಾಗ, ನಾರ್ಮನ್ ತಮ್ಮ ಅಣ್ಣನ ಮಗಳಿಗೆ ಕಟ್ಟಿದ್ದ ಗೊಂಬೆಮನೆ ನೋಡಲು ಬನ್ನಿ ಎಂದರು. ಹೋಗಲು ತಾಯಿ ಬಿಡಲಿಲ್ಲ. ನಾರ್ಮನ್ ಫೋಟೊ ತೆಗೆದು ಕಳಿಸಿದರು, ಅದನ್ನು ನೋಡಿ ಚಿತ್ರ ಬರೆದರು. 1905ರ ಜುಲೈ 25ರಂದು ನಾರ್ಮನ್ ಮದುವೆಯ ಮಾತೆತ್ತಿದರು. ವ್ಯಾಪಾರಸ್ಥರ ಮನೆಗೆ ಮಗಳನ್ನು ಕೊಡಲು ಹೆತ್ತವರು ಒಪ್ಪಲಿಲ್ಲ, ಹತ್ತಿಯ ದುಡ್ಡಿನಲ್ಲೇ ಬಾಳಿದವರು! ಬಿಯಾಟ್ರಿಕ್ಸ್ ಆದರೂ ಒಪ್ಪಿ ಉಂಗುರ ತೊಟ್ಟರು. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 25ರಂದು, ನಾರ್ಮನ್ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು. 37 ವರ್ಷ.

ಅದೇ ವರ್ಷ ಲೇಕ್ ಡಿಸ್ಟ್ರಿಕ್ಟ್‌ನ ಹಿಲ್ ಟಾಪ್ ಫಾರ್ಮ್ ಕೊಂಡರು, ಪುಸ್ತಕದ ಸಂಪಾದನೆ ಮತ್ತು ಬಂಧುವೊಬ್ಬರು ಬಿಟ್ಟುಹೋದ ಹಣದಿಂದ. ಅಲ್ಲಿ ಜಮೀನು ಕೊಡಿಸಲು ನೆರವಾದ ಹಾಕ್ಸ್‌ಹೆಡ್ ಊರಿನ ವಕೀಲ ವಿಲಿಯಂ ಹೀಲಿಸ್ ಅವರನ್ನು 1913ರ ಅಕ್ಟೋಬರ್‌ನಲ್ಲಿ ಮದುವೆಯಾದರು. ಈ ಸಲವೂ ಮನೆಯಲ್ಲಿ ವಿರೋಧ, ಈ ಸಲವೂ ಅವರು ಜಗ್ಗಲಿಲ್ಲ. ಮಕ್ಕಳಾಗಲಿಲ್ಲ.

ಯಾವ ಪುಸ್ತಕದಿಂದ ಶುರುಮಾಡಬೇಕು?

ನಾಲ್ಕು ವರ್ಷದ ಮಗುವಿಗೆ ಪೀಟರ್. ಆಮೇಲೆ ಜೆರೆಮಿ ಫಿಷರ್, ಟಾಮ್ ಕಿಟನ್. ಸ್ವಲ್ಪ ದೊಡ್ಡವರಾದರೆ ಜೆಮಿಮಾ. ಏಳೆಂಟಕ್ಕೆ ಗ್ಲಾಸ್ಟರ್ ಊರಿನ ದರ್ಜಿಯ ಕಥೆ: ಬಡ ದರ್ಜಿ ಜ್ವರ ಬಂದು ಮಲಗಿದಾಗ ಇಲಿಗಳು ರಾತ್ರಿ ಕೂತು ಮೇಯರ್ ಮದುವೆಯ ಕೋಟು ಹೊಲಿದು, ದಾರ ಸಾಲದೆ ಒಂದೇ ಒಂದು ಕಾಜ ಬಿಟ್ಟಿರುತ್ತವೆ. ಬಿಯಾಟ್ರಿಕ್ಸ್‌ಗೆ ತಮ್ಮದರಲ್ಲೆಲ್ಲ ಇದೇ ಹೆಚ್ಚು ಮೆಚ್ಚು. ಕೋಟಿನ ಕಸೂತಿ ತಪ್ಪಾಗಬಾರದೆಂದು ವಸ್ತುಸಂಗ್ರಹಾಲಯದಲ್ಲಿದ್ದ ಹದಿನೆಂಟನೇ ಶತಮಾನದ ಉಡುಪುಗಳನ್ನು ನೋಡಿ ಬರೆದಿದ್ದರು.

ಇಂಗ್ಲಿಷ್ ಕಥೆಯನ್ನು ಕನ್ನಡದಲ್ಲಿ ಓದಿ ಹೇಳುವುದು ಹೇಗೆ?

ಚಿತ್ರ ತೋರಿಸುತ್ತಾ ನಿಮ್ಮ ಮಾತಿನಲ್ಲೇ ಹೇಳಿ. ಸದ್ದುಗಳ ವಿಷಯದಲ್ಲಿ ಕನ್ನಡದಷ್ಟು ಸಿರಿವಂತ ಭಾಷೆ ಬೇಕೇ? ಪೀಟರ್ ಪುಳಕ್ಕನೆ ನುಸುಳಲಿ, ಮೆಕ್‌ಗ್ರೆಗರ್ ದಡದಡ ಓಡಿಬರಲಿ, ಈರುಳ್ಳಿ ಮಡಿಯ ಕಳೆ ಕೆದಕುವುದು ಕರಕರ ಎನ್ನಲಿ. ನೀರಿನ ಕ್ಯಾನಿನೊಳಗೆ ಅಡಗಿದ ಪೀಟರ್ ಸೀನುವಾಗ ನಾನು ಹಳ್ಳಿಯ ತಾತನ ಸೀನನ್ನು ಸೀನುತ್ತೇನೆ. ಗಿಡ, ತಿಂಡಿಗಳ ಹೆಸರನ್ನು ಮಾತ್ರ ಬದಲಿಸಬೇಡಿ. ಅದು ಆ ಊರಿನ ತೋಟ, ಹಾಗೇ ಇರಲಿ.

ಕಷ್ಟದ ಪದ ಬಂದರೆ ಹೆದರಬೇಡಿ. ಪೀಟರ್‌ನ ತಂಗಿ ಫ್ಲಾಪ್ಸಿಯ ಮರಿಗಳ ಕಥೆಯ ಮೊದಲ ವಾಕ್ಯದಲ್ಲೇ ಅವರು ಬೇಕೆಂದು ಒಂದು ದೊಡ್ಡ ಪದ ಇಟ್ಟಿದ್ದಾರೆ, ಲೆಟಿಸ್ ಹೆಚ್ಚು ತಿಂದರೆ ನಿದ್ದೆ ಬರುತ್ತದೆ ಎನ್ನುವುದಕ್ಕೆ. ನಾನು "ನಿದ್ರಾಜನಕ" ಎಂದೆ. ಆರು ವರ್ಷದವನೊಬ್ಬ ಆ ವಾರವೆಲ್ಲ ಮೊಸರನ್ನ, ಗಣಿತ, ಬಸ್ಸು ಎಲ್ಲವನ್ನೂ ನಿದ್ರಾಜನಕ ಎನ್ನುತ್ತಿದ್ದನಂತೆ.

ಬರೆಯುವುದನ್ನು ನಿಲ್ಲಿಸಿದ್ದೇಕೆ?

ಕಣ್ಣು ಸೋತಿತು, ಮನಸ್ಸು ಕುರಿಗಳ ಕಡೆ ಹೋಯಿತು. ಮದುವೆಯ ನಂತರ ಪುಸ್ತಕಗಳು ವಿರಳ. ಊರಿನವರಿಗೆ ಅವರು ಲೇಖಕಿಯಲ್ಲ, ಮಿಸೆಸ್ ಹೀಲಿಸ್. ಲೇಕ್ ಡಿಸ್ಟ್ರಿಕ್ಟ್‌ನ ಗುಡ್ಡಗಳಲ್ಲಿ ಹರ್ಡ್‌ವಿಕ್ ಎಂಬ ಗಟ್ಟಿ ತಳಿಯ ಕುರಿಗಳಿವೆ. ಮರಿ ಹುಟ್ಟುವಾಗ ಕಪ್ಪು, ಬೆಳೆದಂತೆ ಬೂದು. ಬೇಲಿಯಿಲ್ಲದ ಗುಡ್ಡದಲ್ಲಿ ತನ್ನ ಮಂದೆಯ ಎಲ್ಲೆ ಯಾವುದೆಂದು ಮರಿ ತಾಯಿಯ ಹಿಂದೆ ತಿರುಗುತ್ತಾ ಕಲಿಯುತ್ತದೆ. ಮಂದೆ ಮಾರಿದರೆ ಆ ತಿಳಿವಳಿಕೆಯೂ ಹೋಯಿತು. ಹಾಗಾಗಿ ಜಮೀನು, ಕುರಿ, ಕುರಿ ಕಾಯುವವರು ಮೂರೂ ಒಟ್ಟಿಗೆ ಉಳಿಯಬೇಕು ಎಂದು ಅವರು ಅರ್ಥಮಾಡಿಕೊಂಡಿದ್ದರು. 1920ರ ದಶಕದಲ್ಲಿ ಟ್ರೌಟ್‌ಬೆಕ್ ಪಾರ್ಕ್ ಎಂಬ ದೊಡ್ಡ ಫಾರ್ಮ್ ಕೊಂಡಾಗ ಅಲ್ಲಿನ ಕುರಿಗಳು ರೋಗ ಹಿಡಿದು ಸೊರಗಿದ್ದವು. ಒಳ್ಳೆಯ ಕುರಿಗಾಹಿಗಳನ್ನು ಇಟ್ಟು ಮಂದೆಯನ್ನು ಮತ್ತೆ ಎಬ್ಬಿಸಿದರು. ಮಳೆಯಲ್ಲಿ ದಪ್ಪ ಉಣ್ಣೆಯ ಲಂಗ, ಮರದ ಅಟ್ಟೆಯ ಷೂ ತೊಟ್ಟು ಕುರಿ ಹಿಂದೆ ನಿಂತ ಅವರ ಫೋಟೊಗಳಿವೆ. ಕೊನೆಗಾಲದಲ್ಲಿ ಹರ್ಡ್‌ವಿಕ್ ಕುರಿ ಸಾಕಣೆದಾರರ ಸಂಘ ಅವರನ್ನು ಮುಂದಿನ ಅಧ್ಯಕ್ಷೆಯಾಗಿ ಆರಿಸಿತು. ಹೆಂಗಸೊಬ್ಬರನ್ನು ಆರಿಸಿದ್ದು ಅದೇ ಮೊದಲು. ಅಧಿಕಾರ ವಹಿಸುವ ಮೊದಲೇ ತೀರಿಕೊಂಡರು.

ಪುಸ್ತಕದ ದುಡ್ಡೆಲ್ಲ ನೆಲವಾಯಿತು. ಉಯಿಲಿನಲ್ಲಿ 4,000 ಎಕರೆಗೂ ಹೆಚ್ಚು ಭೂಮಿ, ಫಾರ್ಮ್‌ಗಳು, ಮನೆಗಳು ಚೆಂದದ ಜಾಗಗಳನ್ನೂ ಹಳೆಯ ಕಟ್ಟಡಗಳನ್ನೂ ಕಾಪಾಡುವ ನ್ಯಾಷನಲ್ ಟ್ರಸ್ಟ್‌ಗೆ ಸೇರಿದವು. 1895ರಲ್ಲಿ ಆ ಸಂಸ್ಥೆಯನ್ನು ಕಟ್ಟಿದ ಮೂವರಲ್ಲೊಬ್ಬರಾದ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ ಬಿಯಾಟ್ರಿಕ್ಸ್‌ಗೆ ತಮ್ಮ ಹದಿನಾರನೇ ವಯಸ್ಸಿನಿಂದ ಪರಿಚಯ. ಗುಡ್ಡದ ಫಾರ್ಮ್‌ಗಳಲ್ಲಿ ಹರ್ಡ್‌ವಿಕ್ ತಳಿಯೇ ಇರಬೇಕು ಎಂದೂ ಬರೆದಿಟ್ಟರು.

ಪುಸ್ತಕಗಳಿಗೆ ಈಗ ಹಕ್ಕುಸ್ವಾಮ್ಯ ಇದೆಯೇ?

ಅವರ ಜೀವಿತಕಾಲದಲ್ಲಿ ಅಚ್ಚಾದ ಪುಸ್ತಕಗಳಿಗೆ ಭಾರತದಲ್ಲಿ 2003ರ ಕೊನೆಗೆ, ಬ್ರಿಟನ್ನಿನಲ್ಲಿ 2013ರ ಕೊನೆಗೆ ಮುಗಿದಿದೆ. ಕನ್ನಡಕ್ಕೆ ತರಬೇಕೆನ್ನುವವರಿಗೆ ದಾರಿ ಮುಕ್ತ. ಪಾತ್ರಗಳ ಹೆಸರು, ಚಿತ್ರಗಳ ಟ್ರೇಡ್‌ಮಾರ್ಕ್ ಬೇರೆ ವಿಷಯ. ಗೊಂಬೆ, ಟೀಶರ್ಟ್ ಮಾಡಿ ಮಾರುವ ಮೊದಲು ತಿಳಿದವರನ್ನು ಕೇಳಿ.

ಅವರ ಮನೆ, ಸಮಾಧಿ ನೋಡಬಹುದೇ?

ಹಿಲ್ ಟಾಪ್ ಮನೆಯನ್ನು ನ್ಯಾಷನಲ್ ಟ್ರಸ್ಟ್, ಬಿಯಾಟ್ರಿಕ್ಸ್ ಜೋಡಿಸಿಟ್ಟ ಹಾಗೆಯೇ ಕಾಪಾಡಿದೆ. ಪುಸ್ತಕ ಕೈಯಲ್ಲಿ ಹಿಡಿದು ಹೋದರೆ ಮೆಟ್ಟಿಲು, ಒಲೆ, ತೋಟದ ಗೇಟು ಒಂದೊಂದಾಗಿ ಚಿತ್ರಗಳ ಜೊತೆ ತಾಳೆಯಾಗುತ್ತವೆ. ಸಮಾಧಿ ಇಲ್ಲ. ಅವರ ಬೂದಿಯನ್ನು ಕುರಿಗಾಹಿ ಟಾಮ್ ಸ್ಟೋರಿ ಹಳ್ಳಿಯ ಮೇಲಿನ ಗುಡ್ಡದಲ್ಲಿ ಚೆಲ್ಲಿ ಬಂದರು. ಜಾಗ ಯಾವುದೆಂದು ಊರಿಗೆ ಹೇಳಬಾರದೆಂದು ಬಿಯಾಟ್ರಿಕ್ಸ್ ಕೇಳಿಕೊಂಡಿದ್ದರು, ಟಾಮ್ ಹೇಳಲಿಲ್ಲ.